ಕುಡಿತ ಬಿಡಲು ಹತ್ತಿರದ ಗುಂಪು ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯವರು ಕುಡಿತ ಬಿಟ್ಟು 11 ವರ್ಷ ಆಯಿತು. ಅದಕ್ಕೂ ಮುಂಚೆ 3 ಸಲ ಆಸ್ಪತ್ರೆ ಸೇರಿ ಬಂದಿದ್ದರು. ಮೂರು ಸಲವೂ ಮನೆಗೆ ಬಂದ ತಿಂಗಳೊಳಗೆ ಮತ್ತೆ ಅದೇ ಕಥೆ. ಡಾಕ್ಟರುಗಳು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದರು. ಆದರೆ ಸಂಜೆ ಆರೂವರೆಗೆ ಕಾಲು ತಾನಾಗಿ ಬಾರಿನ ಕಡೆ ತಿರುಗುತ್ತದಲ್ಲ, ಆಗ ಹೋಗಿ ಕೂರಲು ಅವರಿಗೆ ಬೇರೆ ಜಾಗವೇ ಇರಲಿಲ್ಲ. ಕುಡಿತ ಬಿಟ್ಟವರ ಗುಂಪಿನಲ್ಲಿ ಆ ಜಾಗ ಸಿಕ್ಕ ಮೇಲೆ ಕುಡಿತ ನಿಂತಿತು.

ಈಗ ಜನ ಫೋನ್ ಮಾಡಿ ಕೇಳುತ್ತಾರೆ, ಪತ್ರ ಬರೆಯುತ್ತಾರೆ, ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಮೆಲ್ಲಗೆ ವಿಚಾರಿಸುತ್ತಾರೆ. ಜಾಸ್ತಿ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಬೇಕಾದ ಕಡೆ ಹಾಗೆಂದೇ ಹೇಳಿದ್ದೇನೆ.

## ಮೊದಮೊದಲು ಕೇಳುವುದು

"ಎ.ಎ. ಮೀಟಿಂಗ್ ಅಂತಾರಲ್ಲ, ಅಲ್ಲಿ ಏನು ಮಾಡ್ತಾರೆ? ಲೆಕ್ಚರ್ ಕೊಡ್ತಾರಾ?"

ಲೆಕ್ಚರ್ ಇಲ್ಲ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಂದು ಕಡೆ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತಾರೆ, ಮಧ್ಯೆ ಬಾಯಿ ಹಾಕಿ ಬುದ್ಧಿ ಹೇಳುವುದಿಲ್ಲ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಮಾತಾಡಲು ಮನಸ್ಸಿಲ್ಲದಿದ್ದರೆ "ಇವತ್ತು ಕೇಳ್ತೀನಿ" ಅಂದರೆ ಸಾಕು.

ನಮ್ಮ ಮನೆಯವರು ಮೊದಲ ದಿನ ಹೋದದ್ದು ಒಂದು ಶಾಲೆಯ ಕೋಣೆಗೆ. ಮನೆಯವರೂ ಬರಬಹುದಾದ ಮೀಟಿಂಗ್ ಅದು, ನಾನೂ ಹೋಗಿದ್ದೆ. ಬಾಗಿಲ ಹೊರಗೆ ಹದಿನೈದು ಜೊತೆ ಚಪ್ಪಲಿ. ಒಳಗೆ ಮಕ್ಕಳು ಕೂರುವ ತಗ್ಗು ಬೆಂಚು. ಒಬ್ಬರು ಸ್ಟೀಲ್ ಲೋಟದಲ್ಲಿ ಟೀ ಹಂಚುತ್ತಿದ್ದರು. ಎಲ್ಲರಿಗೂ ಲೋಟದ ತುಂಬ, ಇವರಿಗೆ ಮಾತ್ರ ಅರ್ಧ. ನನಗೆ ಪಿಚ್ಚೆನಿಸಿತು. ಆಮೇಲೆ ಇವರ ಕೈ ನೋಡಿದೆ. ಆಸ್ಪತ್ರೆಯಿಂದ ಬಂದು ವಾರ ಆಗಿತ್ತು, ಇನ್ನೂ ನಡುಗುತ್ತಿತ್ತು. ತುಂಬ ಹಾಕಿದ್ದರೆ ಎಲ್ಲರೆದುರು ಚೆಲ್ಲುತ್ತಿತ್ತು. ಟೀ ಕೊಟ್ಟವರಿಗೆ ಅದು ಮೊದಲೇ ಕಂಡಿತ್ತು. ಅಷ್ಟು ಕುಡಿದಾದ ಮೇಲೆ, ಕೇಳದೆಯೇ ಬಂದು ಇನ್ನರ್ಧ ಹಾಕಿದರು. ಗುಂಪಿನಲ್ಲಿ ಏನಿರುತ್ತದೆ ಅಂತ ಯಾರು ಕೇಳಿದರೂ ನಾನು ಈ ಟೀ ವಿಷಯವನ್ನೇ ಹೇಳುತ್ತೇನೆ.

"ನಾನು ದಿನಾ ಕುಡಿಯಲ್ಲ. ನನಗೂ ಇದು ಬೇಕಾ?"

ದಿನಾ ಕುಡಿಯುತ್ತೀರೋ ಇಲ್ಲವೋ ಅನ್ನುವುದೊಂದೇ ಲೆಕ್ಕ ಅಲ್ಲ. ಡಾಕ್ಟರುಗಳು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕುಡಿತ ಕಮ್ಮಿ ಮಾಡಬೇಕು ಅಂತ ಯಾವತ್ತಾದರೂ ಅನಿಸಿದೆಯಾ? ಕುಡಿತದ ಬಗ್ಗೆ ಯಾರಾದರೂ ಅಂದರೆ ಸಿಟ್ಟು ಬರುತ್ತದಾ? ಕುಡಿದದ್ದಕ್ಕೆ ತಪ್ಪು ಮಾಡಿದೆ ಅಂತ ಒಳಗೊಳಗೇ ಕೊರೆದಿದೆಯಾ? ನಡುಕಕ್ಕೋ ತಲೆಭಾರಕ್ಕೋ ಬೆಳಿಗ್ಗೆ ಎದ್ದ ತಕ್ಷಣ ಕುಡಿದದ್ದಿದೆಯಾ? ಎರಡಕ್ಕೆ ಹೌದು ಅಂದರೂ ಒಬ್ಬ ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು. ಗುಂಪಿಗೆ ಹೋಗಲು ಅಷ್ಟೂ ಬೇಕಿಲ್ಲ. ಬಿಡಬೇಕು ಅನ್ನುವ ಆಸೆ ಇದ್ದರೆ ಆಯಿತು.

"ಫೀಸ್ ಎಷ್ಟು?"

ಇಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ. ಬಾಡಿಗೆಗೆ, ಟೀಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಹೊಸಬರು ಹಾಕಲೇಬೇಕೆಂದಿಲ್ಲ. ಹೊರಗಿನವರ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದೇ ಇಲ್ಲ.

"ಇವತ್ತೇ ಪೂರ್ತಿ ನಿಲ್ಲಿಸಿ, ನಾಳೆ ಮೀಟಿಂಗಿಗೆ ಹೋಗ್ತೀನಿ. ಆಗಬಹುದಾ?"

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು. ಕೊನೆಯ ಸಲ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಮೊದಲ 2 ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಇಲ್ಲದವರು ಕಾಣುತ್ತಾರೆ, ಗೋಡೆ ಮೇಲೆ ಹುಳ ಹರಿದ ಹಾಗೆ ಅನಿಸುತ್ತದೆ. ಇದನ್ನು ಗಾಳಿ ಸೋಕಿತು, ದೆವ್ವ ಹಿಡಿಯಿತು ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋದವರಿದ್ದಾರೆ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. 108ಕ್ಕೆ ಫೋನ್ ಮಾಡಿ.

ಮೊದಲು ಡಾಕ್ಟರಿಗೆ ತೋರಿಸಿ. ನಡುಕ, ಫಿಟ್ಸ್ ತಡೆಯಲು ಔಷಧಿ ಇದೆ, ಮಿದುಳು ಕಾಪಾಡಲು ಬಿ1 ವಿಟಮಿನ್ ಕೊಡುತ್ತಾರೆ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಅದನ್ನು ಅವರಿಗೆ ಹೇಳಲೇಬೇಕು. ಇದೆಲ್ಲ ಮುಗಿಯುವವರೆಗೆ ಗುಂಪು ಕಾಯುತ್ತದೆ, ಎಲ್ಲೂ ಓಡಿಹೋಗುವುದಿಲ್ಲ.

## ಹುಡುಕುವುದು

"ನಮ್ಮೂರಲ್ಲಿ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ? ಎಲ್ಲೂ ಬೋರ್ಡ್ ಇಲ್ಲ."

ಬೋರ್ಡ್ ಇರುವುದು ಕಮ್ಮಿ, ಅದು ನಿಜ. ಮೊದಲು 14446ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡಿಲ್ಲ. ನಿಮ್ಮ ಜಿಲ್ಲೆಯಲ್ಲಿ ಸರ್ಕಾರದ ನೆರವಿನಿಂದ ನಡೆಯುವ ಕೇಂದ್ರ ಯಾವುದಿದೆ ಅಂತ ಕೇಳಿ. ಕುಡಿತದ ಜೊತೆ ಸಾಯಬೇಕು ಅನ್ನುವ ಯೋಚನೆ, ವಿಪರೀತ ಬೇಸರ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎ.ಎ.ಯ ಭಾರತದ ಕಚೇರಿ ಮುಂಬೈಯಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿ ಮೀಟಿಂಗ್ ಹುಡುಕಬಹುದು. ಆದರೆ ಪಟ್ಟಿಯಲ್ಲಿರುವ ವಿಳಾಸ ನೋಡಿ ಸುಮ್ನೆ ಹೊರಟುಬಿಡಬೇಡಿ. ಜಾಗ ಬದಲಾಗಿರುತ್ತದೆ, ಹೊತ್ತು ಬದಲಾಗಿರುತ್ತದೆ. ಮೊದಲು ಅಲ್ಲಿರುವ ನಂಬರಿಗೆ ಫೋನ್ ಮಾಡಿ, "ಈ ವಾರ ಯಾವತ್ತು, ಎಷ್ಟು ಗಂಟೆಗೆ, ಯಾವ ಬಾಗಿಲು?" ಅಂತ ಕೇಳಿ. ಬಾಗಿಲು ಯಾವುದು ಅಂತ ಕೇಳುವುದು ಸಣ್ಣ ಮಾತಲ್ಲ. ಮೊದಲ ದಿನ ಅರ್ಧ ಜನ ವಾಪಸ್ ಬರುವುದು ಗೇಟಿನಿಂದಲೇ. ಸಾಧ್ಯವಾದರೆ ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗಲು ಕೇಳಿ. ಎಷ್ಟೋ ಸಲ ಬರುತ್ತಾರೆ.

ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸುವುದು ಇನ್ನೊಂದು ದಾರಿ. ಡಾಕ್ಟರಿಗಿಂತ ಅಲ್ಲಿನ ಆಪ್ತಸಮಾಲೋಚಕರು, ನರ್ಸಮ್ಮಂದಿರಿಗೆ ಯಾವ ಗುಂಪು ನಿಜವಾಗಿ ನಡೆಯುತ್ತಿದೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ, ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆ. ನಿಮ್ಮಲ್ಲಿ ಯಾವ ವಾರ ಅಂತ ಕೇಳಿಕೊಂಡು ಹೋಗಿ. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಎರಡು ಗುಂಪು ಸಿಕ್ಕಿದರೆ ಹತ್ತಿರದ್ದನ್ನೇ ಆರಿಸಿ. ದೂರದ ಒಳ್ಳೆಯ ಗುಂಪಿಗೆ ಮಳೆ ಬಂದ ದಿನ ಯಾರೂ ಹೋಗುವುದಿಲ್ಲ.

"ನಮ್ಮದು ಹಳ್ಳಿ. ಎ.ಎ. ಗೀಎ.ಎ. ಏನೂ ಇಲ್ಲ ಇಲ್ಲಿ."

ಹಾಗಿದ್ದರೆ ಮದ್ಯವರ್ಜನ ಶಿಬಿರಗಳ ಬಗ್ಗೆ ವಿಚಾರಿಸಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ವಾರದಷ್ಟು ದಿನದ ಶಿಬಿರ ನಡೆಸುತ್ತವೆ. ಊರ ಕಲ್ಯಾಣ ಮಂಟಪದಲ್ಲೋ ದೇವಸ್ಥಾನದ ಸಭಾಂಗಣದಲ್ಲೋ ಊಟ, ನಿದ್ದೆ, ಚಿಕಿತ್ಸೆ ಎಲ್ಲ ಅಲ್ಲೇ. ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ಹೇಳುತ್ತಾರೆ. ಹಳ್ಳಿಯಲ್ಲೇ ಶಿಬಿರ ಹಾಕುವ ಇಂಥ ಕೆಲಸವನ್ನು ಚೆನ್ನೈನಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಕೊಡುವ ಟಿ.ಟಿ.ಕೆ. ಆಸ್ಪತ್ರೆಯವರು 1989ರಲ್ಲಿ ತಮಿಳುನಾಡಿನ ಮಂಜಕ್ಕುಡಿ ಅನ್ನುವ ಹಳ್ಳಿಯಲ್ಲಿ ಮಾಡಿ ತೋರಿಸಿದ್ದರು.

ಶಿಬಿರಕ್ಕಿಂತ ಅದರ ನಂತರದ್ದು ನನಗೆ ಮುಖ್ಯ ಅನಿಸುತ್ತದೆ. ಶಿಬಿರ ಮುಗಿಸಿದವರು ಸೇರಿ ನವಜೀವನ ಸಮಿತಿ ಅಂತ ಮಾಡಿಕೊಂಡು ಆಗಾಗ ಕೂಡುತ್ತಾರೆ. ನಿಮ್ಮ ಪಕ್ಕದೂರಿನಲ್ಲಿ ಹಿಂದೆ ಯಾವಾಗಲಾದರೂ ಶಿಬಿರ ಆಗಿದ್ದರೆ ಅಲ್ಲಿ ಬಿಟ್ಟವರು ನಾಲ್ಕು ಜನ ಇದ್ದೇ ಇರುತ್ತಾರೆ. ಅವರನ್ನು ಹುಡುಕಿ.

ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇಳಕಲ್ಲಿನ ಮಹಾಂತ ಸ್ವಾಮೀಜಿಯವರ ಹುಟ್ಟುಹಬ್ಬ ಅದು. ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಸಲ್ಲ, ಚಟಗಳನ್ನು ಭಿಕ್ಷೆ ಬೇಡಿದವರು. ಅವತ್ತು ನಿಮ್ಮ ಊರಲ್ಲಿ ಕಾರ್ಯಕ್ರಮ ಆದರೆ ಹೋಗಿ. ಭಾಷಣಕ್ಕಲ್ಲ. ಈ ಕೆಲಸ ಮಾಡುವವರು ಯಾರು ಯಾರು ಅಂತ ಒಂದೇ ಕಡೆ ಗೊತ್ತಾಗುತ್ತದೆ.

"ಚರ್ಚಲ್ಲಿ ನಡೆಯುತ್ತಂತೆ. ಧರ್ಮಪ್ರಚಾರ ಮಾಡ್ತಾರಾ? ನಾನು ದೇವರನ್ನೇ ನಂಬಲ್ಲ, ನನಗೆ ಆಗುತ್ತಾ?"

ಬಹಳ ಗುಂಪುಗಳು ಚರ್ಚಿನ ಹಾಲ್‌ಗಳಲ್ಲಿ ನಡೆಯುವುದು ನಿಜ. ಸಂಜೆ ಹೊತ್ತು ಕಮ್ಮಿ ಬಾಡಿಗೆಗೆ ಕೋಣೆ ಕೊಡುವವರು ಯಾರಿದ್ದಾರೆ ಹೇಳಿ? ಶಾಲೆಗಳೂ ಕೊಡುತ್ತವೆ. ಗುಂಪಿಗೂ ಕಟ್ಟಡದವರ ಧರ್ಮಕ್ಕೂ ಸಂಬಂಧ ಇಲ್ಲ.

ದೇವರ ಮಾತು ಮಾತ್ರ ಎ.ಎ.ಯಲ್ಲಿ ಬರುತ್ತದೆ, ಮುಚ್ಚಿಡುವುದಿಲ್ಲ. ಕುಡಿತದಿಂದ ಹೊರಬರಲು ಅವರು ಹಾಕಿಕೊಂಡ 12 ಹೆಜ್ಜೆಗಳಲ್ಲಿ ನಮಗಿಂತ ದೊಡ್ಡ ಶಕ್ತಿಯನ್ನು ನಂಬುವ ವಿಷಯ ಇದೆ. ಆ ಶಕ್ತಿ ಯಾವುದು ಅಂತ ಅವರವರೇ ತೀರ್ಮಾನಿಸುವುದು. ಮಂಜುನಾಥ ಅನ್ನುವವರಿದ್ದಾರೆ, ಅಲ್ಲಾ, ಏಸು ಅನ್ನುವವರಿದ್ದಾರೆ, ಈ ಗುಂಪೇ ನನಗೆ ದೊಡ್ಡ ಶಕ್ತಿ ಅನ್ನುವವರೂ ಇದ್ದಾರೆ. ಅದೂ ಹಿಡಿಸದಿದ್ದರೆ ಸ್ಮಾರ್ಟ್ ರಿಕವರಿ ಅಂತ ಇದೆ. 1994ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ದೇವರ ಮಾತಿಲ್ಲ, ಯೋಚನೆಯ ಅಭ್ಯಾಸ ಬದಲಿಸುವ ಪಾಠಗಳಿವೆ. ಆನ್‌ಲೈನ್‌ನಲ್ಲಿ ಇಂಗ್ಲಿಷ್ ಬರುವವರಿಗೆ ಸುಲಭವಾಗಿ ಸಿಗುತ್ತದೆ.

"ಯಾರಾದರೂ ನೋಡಿಬಿಟ್ಟರೆ? ನಾನು ಮೇಷ್ಟ್ರು, ಊರೆಲ್ಲ ಗೊತ್ತು."

ಅನಾನಿಮಸ್ ಅಂದರೆ ಗುರುತು ಬಿಟ್ಟುಕೊಡದ ಅಂತ. ಪೂರ್ತಿ ಹೆಸರು ಕೇಳುವುದಿಲ್ಲ, ಹಾಜರಿ ಪುಸ್ತಕ ಇಲ್ಲ. ಕೋಣೆಯಲ್ಲಿ ಕೇಳಿದ್ದು ಕೋಣೆಯಲ್ಲೇ ಇರಬೇಕು. ಕ್ಲೋಸ್ಡ್ ಮೀಟಿಂಗ್ ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ, ಓಪನ್ ಅಂದರೆ ಯಾರಾದರೂ ಬರಬಹುದು. ನಿಮಗೆ ಕ್ಲೋಸ್ಡ್ ವಾಸಿ. ಬೇಕಿದ್ದರೆ ಪಕ್ಕದ ತಾಲ್ಲೂಕಿನ ಗುಂಪಿಗೆ ಹೋಗಲು ಶುರು ಮಾಡಿ. ಹತ್ತಿರದ್ದೇ ಆರಿಸಿ ಅಂದ ನಾನೇ ಇದೊಂದು ಕಡೆ ಒಪ್ಪುತ್ತೇನೆ.

ಇನ್ನೊಂದು ಮಾತು. ಸರ್ಕಾರದ 2019ರ ವರದಿಯ ಪ್ರಕಾರ ದೇಶದಲ್ಲಿ 5.7 ಕೋಟಿಗೂ ಜಾಸ್ತಿ ಜನರಿಗೆ ಕುಡಿತದಿಂದ ತೊಂದರೆ ಇದೆ. ಕುಡಿತಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ. ಆ ಕೋಣೆಯಲ್ಲಿ ನಿಮ್ಮ ಗುರುತಿನವರು ಸಿಕ್ಕಿದರೂ, ಅವರು ಅಲ್ಲಿಗೆ ಬಂದಿರುವುದೂ ಇದೇ ಕಾರಣಕ್ಕೆ, ಅಲ್ವಾ?

"ನಾನು ಹೆಂಗಸು. ಕುಡಿಯೋದು ನಾನೇ. ಅಲ್ಲಿಗೆ ಹೋದರೆ ಏನಂದುಕೊಳ್ತಾರೆ?"

ನಿಮ್ಮ ಪತ್ರಗಳೇ ನನಗೆ ಜಾಸ್ತಿ ಸಂಕಟ ತರುವುದು. ಅದೇ ವರದಿಯಲ್ಲಿ ಗಂಡಸರಲ್ಲಿ 27.3 ಶೇಕಡಾ, ಹೆಂಗಸರಲ್ಲಿ 1.6 ಶೇಕಡಾ ಕುಡಿಯುತ್ತಾರೆ ಅಂತಿದೆ. ಹಾಗಾಗಿ ಕೋಣೆಯ ತುಂಬ ಗಂಡಸರೇ ಇರುವ ಸಾಧ್ಯತೆ ಜಾಸ್ತಿ. ನಿಯಮದಲ್ಲಿ ನಿಮಗೆ ಯಾವ ತಡೆಯೂ ಇಲ್ಲ. ಆದರೂ ಮೊದಲು ಫೋನಿನಲ್ಲಿ, ಬಿಟ್ಟಿರುವ ಹೆಂಗಸರೊಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ಹೆಂಗಸರದ್ದೇ ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಯಾವನಾದರೂ ಸಹಾಯದ ನೆಪದಲ್ಲಿ ಹತ್ತಿರ ಬರಲು ನೋಡಿದರೆ ಆ ಗುಂಪು ಬಿಡಿ, ಕುಡಿತ ಬಿಡುವುದನ್ನು ಬಿಡಬೇಡಿ.

"ನಾನು ಹೊರದೇಶದಲ್ಲಿದ್ದೀನಿ. ಕನ್ನಡದಲ್ಲಿ ಸಿಗುತ್ತಾ?"

ಎ.ಎ. 180ರಷ್ಟು ದೇಶಗಳಲ್ಲಿದೆ, ಹಾಗಾಗಿ ನೀವಿರುವ ಊರಿನಲ್ಲಿ ಇಂಗ್ಲಿಷಿನದ್ದು ಸಿಗಬಹುದು. ಬೈಗುಳ, ಅಳು, ಅಮ್ಮನ ನೆನಪು ಇವೆಲ್ಲ ಬರುವುದು ಕನ್ನಡದಲ್ಲೇ ಅನ್ನುವವರು ಕರ್ನಾಟಕದ ಗುಂಪಿನವರನ್ನು ಫೋನಿನಲ್ಲಿ ಹಿಡಿಯಿರಿ. ನಮ್ಮಲ್ಲೇ ಒಂದು ಕಡೆ ಕನ್ನಡ, ಒಂದು ಕಡೆ ತುಳು, ಕೊಂಕಣಿ, ಇನ್ನೊಂದು ಕಡೆ ತಮಿಳು ಅಂತ ಮೀಟಿಂಗಿನ ಭಾಷೆ ಬದಲಾಗುತ್ತದೆ. ಕೇಳಿ ತಿಳಿದುಕೊಳ್ಳಿ.

## ಮನೆಯವರು ಕೇಳುವುದು

"ನಮ್ಮ ಯಜಮಾನರು ಬರೋದೇ ಇಲ್ಲ ಅಂತಾರೆ. ನಾನೇನು ಮಾಡಲಿ?"

ನೀವು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಮನೆಯವರಿಗೆಂದೇ ಅಲ್-ಅನಾನ್ ಅನ್ನುವ ಗುಂಪು 1951ರಿಂದ ಇದೆ. ಅವರು ಬಿಟ್ಟಿರಲಿ, ಬಿಡದಿರಲಿ, ನೀವು ಸೇರಬಹುದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಅಂತ ಇದೆ.

ನಾನು ಒಬ್ಬಳೇ 8 ತಿಂಗಳು ಹೋದೆ. ಮೊದಲ ದಿನ ಅಲ್ಲಿ ಒಬ್ಬ ಅಕ್ಕ ಕೇಳಿದರು, "ನೀನು ರಾತ್ರಿ ಊಟ ಎಷ್ಟು ಗಂಟೆಗೆ ಮಾಡ್ತೀಯಮ್ಮಾ?" ನಾನು ವರ್ಷಗಳಿಂದ ಇವರು ಬರುವವರೆಗೆ, ಎಷ್ಟೋ ದಿನ ಬೆಳಗಿನವರೆಗೆ, ಊಟ ಮಾಡುತ್ತಿರಲಿಲ್ಲ. ಅವತ್ತಿನಿಂದ ಎಂಟಕ್ಕೆ ಮಗಳ ಜೊತೆ ಕೂತು ಉಂಡೆ. ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿದೆ. ಬಾರಿನ ಸಾಲ ತೀರಿಸುವುದನ್ನು ನಿಲ್ಲಿಸಿದೆ. ಆ ಸುಳ್ಳು, ಸಾಲದ ಭಾರ ಇವರ ಮೇಲೇ ಬಿದ್ದ ಮೇಲೆ ಇವರೇ ಒಂದು ದಿನ "ಅಲ್ಲಿ ಏನು ಮಾಡ್ತೀರಿ?" ಅಂತ ಕೇಳಿದರು.

ಹೊಡೆತ ಬಡಿತ ಇದ್ದರೆ ಮೊದಲು ನಿಮ್ಮ, ಮಕ್ಕಳ ರಕ್ಷಣೆ. 112 ಅಥವಾ ಮಹಿಳಾ ಸಹಾಯವಾಣಿ 181. ಗುಂಪಿನ ಮಾತು ಆಮೇಲೆ.

"ಊಟದಲ್ಲಿ ಗೊತ್ತಾಗದ ಹಾಗೆ ಪುಡಿ ಹಾಕಿದರೆ ಬಿಡ್ತಾರಂತೆ, ನಿಜಾನಾ?"

ಬೇಡ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದ್ದರಂತೂ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು ಪ್ರಾಣವೇ ಹೋಗಬಹುದು. ಆ ಮಾತ್ರೆಯನ್ನು ಡಾಕ್ಟರ್ ಪರೀಕ್ಷೆ ಮಾಡಿ, ಕುಡಿಯುವವರಿಗೆ ಹೇಳಿ, ಅವರು ಒಪ್ಪಿದ ಮೇಲೆ ಮಾತ್ರ ಕೊಡುವುದು.

"ಒಂದು ಸೆಂಟರಿನವರು ಮನೆಗೇ ಬಂದು ಎತ್ತಿಕೊಂಡು ಹೋಗ್ತಾರಂತೆ. ಹಾಕಿಬಿಡೋಣವಾ?"

ನಾವು ಒಮ್ಮೆ ಹಾಗೆ ಮಾಡಿದ್ದೇವೆ. ರಾತ್ರಿ ನಾಲ್ಕು ಜನ ಬಂದು ಇವರನ್ನು ವ್ಯಾನಿಗೆ ಹಾಕಿಕೊಂಡು ಹೋದರು. ತಿಂಗಳ ದುಡ್ಡು ಮುಂಗಡ. ಭೇಟಿಗೆ ಬಿಡಲಿಲ್ಲ. 40 ದಿನ ಬಿಟ್ಟು ನೋಡಿದರೆ ಮೈ ಇಳಿದು ಹೋಗಿತ್ತು, ಕಾಲಿನ ಹತ್ತಿರ ಗಾಯದ ಗುರುತು. ಅಷ್ಟೂ ದಿನ ಒಬ್ಬ ಡಾಕ್ಟರ್ ಬಂದಿರಲಿಲ್ಲ. ಆ ಗುರುತು ನೋಡಿದಾಗೆಲ್ಲ ಸಹಿ ಹಾಕಿದ್ದು ನಾನೇ ಅಂತ ಇವತ್ತಿಗೂ ನೋವಾಗುತ್ತದೆ.

ಮಾನಸಿಕ ಆರೋಗ್ಯ ಕಾಯ್ದೆ, 2017 ಕುಡಿತದಿಂದ ಬರುವ ಮನಸ್ಸಿನ ತೊಂದರೆಗಳಿಗೂ ಅನ್ವಯಿಸುತ್ತದೆ. ಇಂಥವರನ್ನು ಇಟ್ಟುಕೊಳ್ಳುವ ಕೇಂದ್ರಕ್ಕೆ ನೋಂದಣಿ ಬೇಕು. ಸರಪಳಿ ಹಾಕುವುದು ಕಾನೂನಿಗೆ ವಿರುದ್ಧ. ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ವೈದ್ಯರ ಪರೀಕ್ಷೆ ಆಗಬೇಕು, ಅದಕ್ಕೆ ಕ್ರಮ ಇದೆ. ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ, ನಾವು ಯಾವಾಗ ಭೇಟಿ ಮಾಡಬಹುದು ಅಂತ ಕೇಳಿ. ಅಡುಗೆ ಮನೆ, ಮಲಗುವ ಕೋಣೆ ನೋಡಿ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ.

## ಸೇರಿದ ಮೇಲೆ

"ಒಂದು ಸಲ ಹೋದೆ. ಇಷ್ಟ ಆಗಲಿಲ್ಲ."

ಮೊದಲ ಸಲ ಯಾರಿಗೆ ಇಷ್ಟ ಆಗುತ್ತದೆ? ಅದೇ ಗುಂಪಿಗೆ 5–6 ಸಲ ಹೋಗಿ ನೋಡಿ. ಆಗಲೂ ಆಗದಿದ್ದರೆ ಬೇರೆ ಗುಂಪು. ಒಂದೊಂದು ಗುಂಪಿನ ಸ್ವಭಾವ ಒಂದೊಂದು ಥರ. ಒಂದರಲ್ಲಿ ವಯಸ್ಸಾದವರೇ ಜಾಸ್ತಿ, ಇನ್ನೊಂದರಲ್ಲಿ ಕಾಲೇಜು ಹುಡುಗರೂ ಇರುತ್ತಾರೆ.

"ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಾ?"

ಅಲ್ಲ. ನಿಮಗಿಂತ ಮುಂಚೆ ಬಿಟ್ಟು, ಆ 12 ಹೆಜ್ಜೆಗಳನ್ನು ನಡೆದು ಬಂದ ಒಬ್ಬ ಸದಸ್ಯ. ಆಸೆ ಹುಟ್ಟಿದ ಹೊತ್ತಿಗೆ ಫೋನ್ ಮಾಡಬಹುದಾದವರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಆಗುವುದು ರೂಢಿ. ಸಾಲ ಕೇಳಬೇಡಿ, ಕೊಡಬೇಡಿ.

"ನಾಲ್ಕು ತಿಂಗಳು ಬಿಟ್ಟಿದ್ದೆ. ತಮ್ಮನ ಮದುವೆಯಲ್ಲಿ ಮತ್ತೆ ಕುಡಿದುಬಿಟ್ಟೆ. ಯಾವ ಮುಖ ಹೊತ್ತು ಹೋಗಲಿ?"

ಇದೇ ಮುಖ ಹೊತ್ತು, ಈ ವಾರವೇ. ಅಲ್ಲಿ ಕೂತವರಲ್ಲಿ ಮುಕ್ಕಾಲು ಜನರಿಗೆ ಇದು ಆಗಿರುವಂಥದ್ದೇ. ಆ ನಾಲ್ಕು ತಿಂಗಳು ಎಲ್ಲೂ ಹೋಗಲಿಲ್ಲ. ಅಷ್ಟು ದಿನ ಇರಬಲ್ಲೆ ಅಂತ ನಿಮಗೆ ಗೊತ್ತಾಯಿತು. ಮತ್ತೆ ದಿನಾ ಕುಡಿಯಲು ಶುರುವಾಗಿದ್ದರೆ ಡಾಕ್ಟರನ್ನೂ ನೋಡಿ. ಮುಂದಿನ ಮದುವೆಗೆ ಧಾರೆ, ಊಟ ಮುಗಿಸಿಕೊಂಡು ಬನ್ನಿ. ರಾತ್ರಿ ಗೆಳೆಯರು ಸೇರುವ ಕೋಣೆಗೆ ಹೋಗಬೇಡಿ.

"ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಗುಂಪಿನಲ್ಲಿ ಒಬ್ಬರು ಅದೂ ಒಂದು ಚಟ, ಬಿಡು ಅಂದರು."

ಅವರ ಮಾತು ಕೇಳಬೇಡಿ. ಔಷಧಿ ಬಗ್ಗೆ ಸಲಹೆ ಕೊಡುವುದು ಗುಂಪಿನ ಕೆಲಸವೇ ಅಲ್ಲ, ಎ.ಎ. ಕೂಡ ಹಾಗೇ ಹೇಳುತ್ತದೆ. ಆಸೆ ಕಮ್ಮಿ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳೂ ಮೀಟಿಂಗೂ ಒಟ್ಟಿಗೆ ನಡೆಯುತ್ತವೆ. ನಿಲ್ಲಿಸುವುದಿದ್ದರೆ ಬರೆದುಕೊಟ್ಟ ಡಾಕ್ಟರೇ ಹೇಳಬೇಕು.

"ಸುಮ್ನೆ ಕೂತು ಮಾತಾಡಿದರೆ ಕುಡಿತ ಬಿಡುತ್ತಾ? ಏನಾದರೂ ಆಧಾರ ಇದೆಯಾ?"

ಇದೆ. 2020ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಅವುಗಳಲ್ಲಿ 10,565 ಜನ ಇದ್ದರು. ಎ.ಎ.ಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯು ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಬೇರೆ ಒಳ್ಳೆಯ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತ್ತು. ಎಲ್ಲರಿಗೂ ಆಗುತ್ತದೆ ಅಂತ ಅಲ್ಲ. ನಮ್ಮ ಗುಂಪಿನಿಂದ ಎದ್ದು ಹೋಗಿ ಮತ್ತೆ ಬರದವರಿದ್ದಾರೆ, ತೀರಿಹೋದವರೂ ಇದ್ದಾರೆ.

"ನಮ್ಮ ತಾಲ್ಲೂಕಿನಲ್ಲಿ ಗುಂಪೇ ಇಲ್ಲ. ನಾವೇ ಶುರು ಮಾಡಬಹುದಾ?"

ಮಾಡಬಹುದು. ಎ.ಎ. ಶುರುವಾಗಿದ್ದೇ ಇಬ್ಬರಿಂದ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಅನ್ನುವ ಊರು. ಬಿಲ್ ಅನ್ನುವವರು ಕೆಲಸಕ್ಕೆ ಹೋಗಿ, ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದರು. ಅವರು ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಕಡೆ ಬಾರು, ಒಂದು ಕಡೆ ಫೋನು. ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿ, ಈ ಊರಲ್ಲಿ ನನ್ನ ಹಾಗೇ ಕುಡಿತದಿಂದ ಒದ್ದಾಡುತ್ತಿರುವವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿದರು. ಸಿಕ್ಕಿದ್ದು ಬಾಬ್ ಅನ್ನುವ ಸರ್ಜನ್. ಆ ಜೂನ್ 10ರಂದು ಬಾಬ್ ಕೊನೆಯ ಸಲ ಕುಡಿದರು. ಆ ದಿನವನ್ನೇ ಎ.ಎ.ಯ ಹುಟ್ಟಿದ ದಿನ ಅಂತ ಎಣಿಸುತ್ತಾರೆ.

ನಿಮಗೆ ಬೇಕಾದದ್ದು ಬಿಟ್ಟಿರುವ ಇಬ್ಬರು, ಬದಲಾಗದ ಒಂದು ದಿನ, ಬದಲಾಗದ ಒಂದು ಹೊತ್ತು, ಒಂದು ಕೋಣೆ. ಯಾರ ಮನೆಯಲ್ಲೂ ಬೇಡ, ಹೊಸಬರು ಮನೆಯೊಳಗೆ ಕಾಲಿಡಲು ಹಿಂಜರಿಯುತ್ತಾರೆ. ಕೋಣೆಯ ಬೀಗದ ಕೀ ಇಬ್ಬರ ಹತ್ತಿರ ಇರಲಿ. ಒಬ್ಬರಿಗೆ ಹುಷಾರಿಲ್ಲ ಅಂತ ಬಾಗಿಲು ಮುಚ್ಚಿದ ದಿನವೇ ಯಾರೋ ಬಂದು ವಾಪಸ್ ಹೋಗಿರುತ್ತಾರೆ. ಎ.ಎ. ಹೆಸರಿನಲ್ಲಿ ಮಾಡುವುದಿದ್ದರೆ ಮುಂಬೈ ಕಚೇರಿಗೆ ತಿಳಿಸಿ, ಪಟ್ಟಿಗೆ ಸೇರಿಸುತ್ತಾರೆ. ತಾಲ್ಲೂಕು ಆಸ್ಪತ್ರೆ, ಪೊಲೀಸ್ ಠಾಣೆ, ಮೆಡಿಕಲ್ ಶಾಪಿನಲ್ಲಿ ದಿನ, ಹೊತ್ತು, ಫೋನ್ ನಂಬರ್ ಬರೆದ ಚೀಟಿ ಕೊಟ್ಟು ಬನ್ನಿ.

ಮೊದಮೊದಲು ಯಾರೂ ಬರುವುದಿಲ್ಲ. ನಮ್ಮ ಮನೆಯವರು ಇನ್ನೊಬ್ಬರ ಜೊತೆ ಸೇರಿ ಪಕ್ಕದ ಊರಿನಲ್ಲಿ ಗುಂಪು ಶುರು ಮಾಡಿದಾಗ 7 ವಾರ ಇಬ್ಬರೇ ಎದುರೆದುರು ಕೂತು, ಇಬ್ಬರೇ ಟೀ ಕುಡಿದು ಬಂದರು. ಎಂಟನೇ ವಾರ ಒಬ್ಬ ಆಟೋ ಡ್ರೈವರ್ ಬಂದ. ಆಟೋ ಇನ್ನೂ ಆಫ್ ಮಾಡಿರಲಿಲ್ಲ. ಹೊಸ್ತಿಲ ಆಚೆಯೇ ನಿಂತು, "ಇಲ್ಲೇನಾ ಸಾರ್?" ಅಂತ ಕೇಳಿದ.